ನಳಕ್ಕೊಂದು ಹಾರ್ನ್

ಇನ್ನು ಮುಂದೆ ಈ ಬಾಯಿಂದ 'ಬ್ಯಾಡ' ಎಂಬ ಶಬ್ದ ಹೊರಡುವುದಿಲ್ಲ ಎಂದು ನಾನು ಒಂದು ಶನಿವಾರ ಮಧ್ಯಾಹ್ನ ಊಟದ ತಾಟಿನ ಮುಂದೆ ಕೂತು, ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಘೋಷಿಸಿದೆ.

ಅದಕ್ಕೆ ಕಾರಣ ಇತ್ತು. ಯಾದಗಿರಿಯಲ್ಲಿ ಮೂರು ದಿನದ ಶಿಕ್ಷಕರ ತರಬೇತಿ ಮುಗಿಸಿ ಬಂದಿದ್ದೆ. ವಿಷಯ, ಮಕ್ಕಳ ಸೃಜನಶೀಲತೆಗೆ ಪ್ರೋತ್ಸಾಹ. ಮೂರು ದಿನ ಚಹಾ, ಬಿಸ್ಕೀಟು, ಒಂದು ಫೈಲು, ಒಂದು ಪೆನ್ನು, ಕೊನೆಯ ದಿನ ಜ್ಞಾನೋದಯ! ಮಕ್ಕಳ ಬುದ್ಧಿಗೆ ಬೀಗ ಹಾಕುವವರು ನಾವು ದೊಡ್ಡವರೇ, ಆ ಬೀಗದ ಹೆಸರೇ 'ಬ್ಯಾಡ'. ದೋರನಹಳ್ಳಿ ಸಾಲಿಯಲ್ಲಿ ಹನ್ನೆರಡು ವರ್ಷ ವಿಜ್ಞಾನ ಕಲಿಸಿದ ಈ ಭಾಗಣ್ಣ ಮಾಸ್ತರನಿಗೆ ಇದು ಹೊಳೆದೇ ಇರಲಿಲ್ಲ!

ಹೆಂಡತಿ ಸುಂದ್ರಮ್ಮ ಸೌಟು ಎತ್ತಿದಳು. "ಬ್ಯಾಡ ಅನ್ನಂಗಿಲ್ಲಾ? ಹಂಗಾದ್ರ ಇನ್ನೊಂದೀಟು ಪುಂಡಿಪಲ್ಯ ಹಾಕ್ಲ್ಯಾ?"

ಪುಂಡಿಪಲ್ಯ ನನಗೆ ಸೇರುವುದಿಲ್ಲ. ಆದರೆ ಪ್ರತಿಜ್ಞೆ ಎಂದರೆ ಪ್ರತಿಜ್ಞೆ. ತಿಂದೆ.

ಒಂಬತ್ತನೇ ತರಗತಿಯ ಮಗಳು ದುರಗಮ್ಮ ಇದನ್ನೆಲ್ಲ ನೋಡುತ್ತಿದ್ದಳು. "ಅಪ್ಪಾ, ನನಗೂ ಬ್ಯಾಡ ಅನ್ನಂಗಿಲ್ಲೇನು?"

"ಇಲ್ಲವ್ವ."

"ಹಂಗಾದ್ರ ಬರದು ಕೊಡು."

ಕೊಟ್ಟೆ. ಹೊಸ ಪೆನ್ನು ತೆಗೆದು, 'ಕುಮಾರಿ ದುರಗಮ್ಮ ತನ್ನ ಸಂಶೋಧನೆಗೆ ಬೇಕಾದ ಯಾವುದೇ ವಸ್ತುವನ್ನು ಮನೆಯಿಂದ ಪಡೆಯಲು ಸರ್ವಸ್ವತಂತ್ರಳು' ಎಂದು ಬರೆದೆ. ಸಹಿ ಹಾಕಿದೆ. ಸಹಿಯ ಕೆಳಗೆ ಎರಡು ಗೆರೆಯನ್ನೂ ಎಳೆದೆ.

"ಬರೋ ತಿಂಗಳು ಸುರಪುರದಾಗ ವಿಜ್ಞಾನ ವಸ್ತುಪ್ರದರ್ಶನ ಅದ," ಎಂದೆ. "ನೀ ಥರ್ಮಾಕೋಲಿನ ಡ್ಯಾಮ್ ಮಾಡು. ನಡುವ ಕಾಲುವಿ, ಆಕಡಿ ಈಕಡಿ ಹಸರು ಬಣ್ಣ..."

"ವರ್ಸಾ ಎಲ್ಲಾರೂ ಅದನ್ನೇ ಮಾಡ್ತಾರಪ್ಪ."

"ಅದಕ್ಕೇ ವರ್ಸಾ ಬಹುಮಾನ ಬರ್ತದ!"

"ನಾ ನನ್ನ ತಲ್ಯಾಗ ಬಂದದ್ದು ಮಾಡ್ತೀನಿ."

'ಬ್ಯಾ' ಎಂದು ಬಾಯಿ ತೆರೆದೆ. ಪುಂಡಿಪಲ್ಯದ ಜೊತೆಗೆ ಅದನ್ನೂ ನುಂಗಿದೆ.

ಆಕೆಯ ತಲೆಯಲ್ಲಿ ಬಂದದ್ದು ನಮ್ಮ ಅಂಗಳದ ನಳ. ಕಾಲುವೆ ಬಂದ ಮೇಲೆ ನಮ್ಮ ಶಹಾಪುರದ ಸುತ್ತ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿವೆ, ಎತ್ತ ನೋಡಿದರೂ ನೀರೇ ನೀರು. ನಮ್ಮ ಓಣಿಯ ನಳಕ್ಕೆ ಮಾತ್ರ ಮೂರು ದಿನಕ್ಕೊಮ್ಮೆ. ಅದೂ ಯಾವ ಹೊತ್ತಿಗೆ ಎಂದು ನೀರು ಬಿಡುವ ದ್ಯಾವಪ್ಪನಿಗೇ ತಿಳಿಯದು. ಬಂದರೆ ಒಂದು ತಾಸು. ತಪ್ಪಿತೋ, ಮುಂದಿನ ಮೂರು ದಿನ ಬಾಜೂ ಮನೆಯ ಶರೀಫಾಬೀ ಹತ್ತಿರ ಕೊಡ ಹಿಡಿದು ನಿಲ್ಲಬೇಕು. ಅದಕ್ಕೇ ಸುಂದ್ರಮ್ಮ ಮಣೆ ಹಾಕಿಕೊಂಡು ನಳದ ಮುಂದೆ ಕಾಯುತ್ತ ಕೂಡುವುದು ರೂಢಿ.

ಮೊದಲು ಮಾಯವಾದದ್ದು ನನ್ನ ಹವಾಯಿ ಚಪ್ಪಲಿಯ ಹಿಮ್ಮಡಿ. ಪೂರಾ ಚಪ್ಪಲಿಯಲ್ಲ, ಹಿಮ್ಮಡಿ ಮಾತ್ರ, ಗುಂಡಗೆ ಕೊಯ್ದುಕೊಂಡಂತೆ! ಎರಡನೆಯದು ಛತ್ರಿಯ ಎರಡು ಕಡ್ಡಿ. ಬಿಚ್ಚಿದರೆ ಛತ್ರಿ ಒಂದು ಕಿವಿ ಜೋತುಬಿಟ್ಟ ನಾಯಿಯ ಹಾಗೆ ಕಾಣುತ್ತಿತ್ತು.

"ದುರಗೀ, ಏನಿದು?"

ಆಕೆ ವಿಜ್ಞಾನದ ನೋಟ್‌ಬುಕ್ಕಿನಿಂದ ನನ್ನ ಸಹಿಯ ಕಾಗದ ತೆಗೆದು ತೋರಿಸಿ ಮತ್ತೆ ಮಡಚಿ ಇಟ್ಟಳು.

ಸೋಮವಾರ ನಮ್ಮ ಸಾಲಿಯಲ್ಲಿ ಪಾಲಕರ ಸಭೆ. ಪ್ರೋತ್ಸಾಹದ ಬಗ್ಗೆ ನನ್ನದೇ ಭಾಷಣ. ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು, ಕಿಕ್ ಹೊಡೆದು, ಗಾಡಿ ಏರಿ ಹೊರಟೆ. ಕಾಲುವೆ ಬಾಜೂ ದಾರಿಯಲ್ಲಿ ಒಂದು ಎಮ್ಮೆ ಹಿಂಡು ಅಡ್ಡ ಬಂತು. ಹಾರ್ನ್ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಬಗ್ಗಿ ನೋಡಿದರೆ ಹಾರ್ನ್ ಇರುವ ಜಾಗದಲ್ಲಿ ಎರಡು ತಂತಿ ಜೋತಾಡುತ್ತಿವೆ! ಬ್ಯಾಟರಿಯೂ ಇಲ್ಲ. ಕಿಕ್ಕಿಗೆ ಚಾಲೂ ಆಗುವ ಹಳೇ ಗಾಡಿ, ಆದ್ದರಿಂದ ಮನೆ ಮುಂದೆ ಗೊತ್ತಾಗಿರಲಿಲ್ಲ.

ಬೇರೆ ದಾರಿ ಕಾಣದೆ ಬಾಯಿಂದಲೇ ಕೂಗಿದೆ. "ಪೋಂ! ಪೋಂ! ಪೋಂ!"

ಎಮ್ಮೆ ಕಾಯುವ ಹಣಮಂತಮ್ಮ ತಿರುಗಿ ನೋಡಿದಳು. "ಯಾಕ್ರೀ ಮಾಸ್ತರ್ರ, ಮೈಯಾಗ ಆರಾಮಿಲ್ಲೇನು?"

ಆಕೆಗೆ ಉತ್ತರ ಕೊಡಲು ಹೋಗಿ ನಾನು ಎಡಕ್ಕೆ ವಾಲಿದೆ, ಗಾಡಿ ಇನ್ನೂ ಎಡಕ್ಕೆ ವಾಲಿತು, ಇಬ್ಬರೂ ಹೊಲಗಾಲುವೆಗೆ ಇಳಿದೆವು. ನಡುಮಟ ಕೆಸರು! ಎಮ್ಮೆಗಳು ದಂಡೆಯ ಮೇಲೆ ಸಾಲಾಗಿ ನಿಂತು ನನ್ನನ್ನು ನೋಡಿದವು. ಅವುಗಳ ಜಾಗಕ್ಕೆ ನಾನು ಹೋಗಿ ಕೂತಿದ್ದೆನಲ್ಲ! ಹಣಮಂತಮ್ಮ ಕೋಲು ಚಾಚಿ ನನ್ನನ್ನು ಎಳೆದುಕೊಂಡಳು, ಆಮೇಲೆ ಇಬ್ಬರೂ ಕೂಡಿ ಗಾಡಿ ಎತ್ತಿದೆವು.

ಹಾಗೆಯೇ ಹೋಗಿ ಭಾಷಣ ಮಾಡಿದೆ. "ಮಕ್ಕಳಿಗೆ ಬ್ಯಾಡ ಅನಬ್ಯಾಡ್ರಿ! ಎಂದೆಂದೂ ಅನಬ್ಯಾಡ್ರಿ!"

ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದ. "ಅಲ್ರೀ ಮಾಸ್ತರ್ರ, ಬ್ಯಾಡ ಅನಬ್ಯಾಡ್ರಿ ಅಂತ ನೀವೇ ಮೂರು ಸಲ ಬ್ಯಾಡ ಅಂದ್ರೆಲ್ಲ!"

ಸಭೆ ಮುಗಿಯಿತು ಎಂದೇ ತಿಳಿಯಿರಿ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ. ಬ್ಯಾಡ. ಬ್ಯಾಡಾ! ಬ್ಯಾಡಂದ್ರ ಬ್ಯಾಡ! ಆ ಕಾಗದ ಹರಿಯುವುದು, ಹಾರ್ನ್ ಕಿತ್ತುಕೊಳ್ಳುವುದು, ನಾಳೆಯಿಂದ ಥರ್ಮಾಕೋಲು. ಎಲ್ಲ ನಿರ್ಧಾರವಾಗಿತ್ತು. ಗಾಡಿ ನಿಲ್ಲಿಸಿ ಬಾಗಿಲಿಗೆ ಕಾಲಿಟ್ಟೆ, ಅಷ್ಟರಲ್ಲಿ ಅಂಗಳದಲ್ಲಿ ನನ್ನದೇ ಹಾರ್ನ್ ಕಿವಿ ಹರಿಯುವಂತೆ ಹೊಡೆದುಕೊಂಡಿತು!

ಒಳಕೋಣೆಯಿಂದ ಸುಂದ್ರಮ್ಮ ಸೆರಗು ಸಿಕ್ಕಿಸುತ್ತ ಓಡಿ ಬಂದಳು. ಎರಡೂ ಕೈಯಲ್ಲಿ ಕೊಡ.

"ದುರಗೀ!" ಎಂದು ಗುಡುಗಿದೆ. "ಇವತ್ತಿನಿಂದ ಈ ಮನ್ಯಾಗ..."

"ದಾರಿ ಬಿಡ್ರಿ," ಎಂದಳು ಸುಂದ್ರಮ್ಮ. "ನೀರು ಬಂದದ."

ಬಿಟ್ಟೆ. ನಳದ ಕೆಳಗೆ ಒಂದು ಡಬ್ಬಿ. ಡಬ್ಬಿಗೆ ನೀರು ಬಿದ್ದರೆ ನನ್ನ ಚಪ್ಪಲಿಯ ಹಿಮ್ಮಡಿ ತೇಲಿ ಮೇಲೆ ಬರುತ್ತದೆ. ಅದರ ಮೇಲೆ ನಿಲ್ಲಿಸಿದ ಛತ್ರಿಕಡ್ಡಿ ಇನ್ನೊಂದು ಕಡ್ಡಿಗೆ ತಾಗುತ್ತದೆ. ತಾಗಿದ ಕೂಡಲೇ ಹಾರ್ನ್. ಇಷ್ಟೇ. ಡಬ್ಬಿ ಎತ್ತಿದರೆ ಸದ್ದು ಬಂದ್.

ಕೊಡ, ಹಂಡೆ, ಬ್ಯಾರಲ್ ಎಲ್ಲ ತುಂಬಿಸಿ ಸುಂದ್ರಮ್ಮ ಕಟ್ಟೆಯ ಮೇಲೆ ಕೂತಳು. ನನ್ನ ಕೆಸರನ್ನು ನೋಡಿದಳೋ ಇಲ್ಲವೋ ಗೊತ್ತಿಲ್ಲ. "ಎಂಟು ವರ್ಸದಾಗ ನೀರಿನ ದಿನ ಮಧ್ಯಾಹ್ನ ಕಣ್ಣು ಮುಚ್ಚಿದ್ದು ಇವತ್ತೇ ನೋಡ್ರಿ," ಎಂದಳು. "ಒಂದು ತಾಸು. ಕನಸೂ ಬಿತ್ತು."

ಎಂಟು ವರ್ಷ ನಾನು ಅದೇ ಅಂಗಳ ದಾಟಿ ಸಾಲಿಗೆ ಹೋಗಿ ಬಂದಿದ್ದೆ. ಆಕೆ ಮಣೆಯ ಮೇಲೆ ಕೂತದ್ದು ಕಂಡಿದ್ದೆ. ಅದಕ್ಕೊಂದು ಉಪಾಯ ಬೇಕು ಎಂದು ಹೊಳೆದಿರಲಿಲ್ಲ. ಹೊಳೆದದ್ದು ದುರಗಿಗೆ. ಬಾಯಲ್ಲಿದ್ದ 'ಬ್ಯಾಡ'ವನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಅಂಗಿ ಬದಲಿಸಿದೆ.

ಸುರಪುರದ ಪ್ರದರ್ಶನಕ್ಕೆ ಮಗಳಿಗೆ ನಾಲ್ಕು ಪುಟದ ವಿವರಣೆ ಬರೆದು ಕೊಟ್ಟೆ. ಅದರಲ್ಲಿ 'ತಂದೆಯವರ ನಿರಂತರ ಪ್ರೋತ್ಸಾಹ' ಎಂಬುದು ಏಳು ಸಲ ಬರುತ್ತದೆ. ಬಾಯಿಪಾಠ ಮಾಡು ಎಂದೆ. ಹೂಂ ಎಂದಳು.

ಸಭಾಂಗಣದಲ್ಲಿ ಹನ್ನೊಂದು ಥರ್ಮಾಕೋಲ್ ಡ್ಯಾಮುಗಳಿದ್ದವು. ಅವುಗಳ ನಡುವೆ ನಮ್ಮ ಒಂದು ಡಬ್ಬಿ. ನಾನೂ ಸುಂದ್ರಮ್ಮನೂ ಹಿಂದೆ ನಿಂತೆವು. ತೀರ್ಪುಗಾರರಾಗಿ ಬಂದ ಮೇಡಂ ಡಬ್ಬಿಗೆ ತಾವೇ ನೀರು ಹಾಕಿದರು. ಹಾರ್ನ್ ಹೊಡೆದ ಕೂಡಲೇ ಇಡೀ ಸಭಾಂಗಣ ಹಾರಿಬಿತ್ತು! ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡು ನಕ್ಕರು.

"ಭಾಳ ಚೊಲೋ ಅದವ್ವ. ಇದರಾಗ ಏನರ ಕೊರತಿ ಅದ ಅನಸ್ತದೇನು?"

ಬಾಯಿಪಾಠದ ಮೂರನೇ ಪುಟಕ್ಕೆ ಇದೇ ಸಮಯ! ನಾನು ಕೊರಳು ಉದ್ದ ಮಾಡಿದೆ.

ದುರಗಮ್ಮ ಸ್ವಲ್ಪ ವಿಚಾರ ಮಾಡಿದಳು. "ಒಂದು ಅದ್ರಿ ಮೇಡಂ. ಹಾರ್ನ್ ಹೊಡದ್ರ ಅವ್ವ ಒಬ್ಬಾಕಿನೇ ಎದ್ದು ಓಡ್ತಾಳ್ರಿ. ಅಪ್ಪನೂ ಏಳೂಹಂಗ ಹ್ಯಾಂಗ ಮಾಡಬೇಕು ಅಂತ ಇನ್ನಾ ವಿಚಾರ ಮಾಡಾಕತ್ತೀನ್ರಿ."

ಸುತ್ತ ನಿಂತವರೆಲ್ಲ ನಕ್ಕರು. "ನಿಮ್ಮ ಅಪ್ಪ ಬಂದಾರೇನು?" ಎಂದು ಮೇಡಂ ಕೇಳಿದಾಗ ನಾನು ಪಕ್ಕದ ಥರ್ಮಾಕೋಲ್ ಡ್ಯಾಮಿನ ಗೇಟುಗಳನ್ನು ಬಹಳ ಆಸಕ್ತಿಯಿಂದ ಎಣಿಸುತ್ತಿದ್ದೆ. ಸುಂದ್ರಮ್ಮ ಮಾತ್ರ ಕೈಯೆತ್ತಿ ನನ್ನ ಕಡೆ ತೋರಿಸಿದಳು.

ಮೊದಲ ಬಹುಮಾನ ಬಂತು. ನಾನು ಗಾಡಿಗೆ ಬೇರೆ ಹಾರ್ನ್, ಬ್ಯಾಟರಿ ಹಾಕಿಸಿಕೊಂಡೆ. ಹಾರ್ನ್ ಹೊಡೆದರೆ ಮೊದಲು ಏಳುವವನು ಇನ್ನು ಮುಂದೆ ನಾನೇ ಎಂದು ನಿಶ್ಚಯಿಸಿದೆ, ಈ ಸಲ ಯಾರಿಗೂ ಘೋಷಿಸದೆ.

ಮೊನ್ನೆ ಮುಂಜಾನೆ ದಾಡಿ ಮಾಡಿಕೊಳ್ಳುತ್ತಿದ್ದೆ. ಹಾರ್ನ್ ಕೇಳಿತು. ಒಂದು ಗಲ್ಲಕ್ಕೆ ಸಾಬೂನು ಹಾಗೇ ಇಟ್ಟುಕೊಂಡು ಎರಡು ಕೊಡ ಎತ್ತಿ ಅಂಗಳಕ್ಕೆ ಹಾರಿದೆ. ನಳದಲ್ಲಿ ಹನಿ ಇಲ್ಲ. ತಿರುವಿದೆ, ತಟ್ಟಿದೆ, ಬಾಯಿ ಹಚ್ಚಿ ಊದಿಯೂ ನೋಡಿದೆ.

ಗೋಡೆಯ ಆಚೆಯಿಂದ ಶರೀಫಾಬೀ ಇಣುಕಿದಳು.

"ಮಾಸ್ತರ್‌ಸಾಬ್, ಅದು ಸುರಪುರ ಬಸ್ಸಿನ ಹಾರ್ನ್ ಅದ. ಹೋಗೂದಿದ್ರ ಹೋಗ್ರಿ, ಖರೆ ಆ ಎರಡು ಕೊಡಕ್ಕ ಕಂಡಕ್ಟರ್ ಲಗೇಜ್ ಹಚ್ತಾನ ನೋಡ್ರಿ!"