ಕುತ್ತಿಗೆಯ ಮೇಲೊಂದು ಗೆರೆ

ನನ್ನ ಅಣ್ಣನಿಗೆ ಮನುಷ್ಯರೆಂದರೆ ಬಹಳ ಇಷ್ಟ. ಅವರಿಗೆ ಚರ್ಮ ಮಾತ್ರ ಇರಬಾರದು!

ಈ ಅರಬ್ ನಾಡಿನ ಖಫ್ಜಿ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಅವನಿಗೆ ಎಕ್ಸ್‌ರೇ ತೆಗೆಯುವ ಕೆಲಸ, ನಮ್ಮ ಮನೆಯಲ್ಲೇ ವಾಸ. ದಿನವಿಡೀ ಮೂಳೆ ನೋಡಿದವನಿಗೆ ಸಾಕೆನಿಸಬೇಡವೇ? ಇಲ್ಲ! ಬಂದವನೇ ಚಹಾದ ಜೊತೆ ತನ್ನದೊಂದು ದಪ್ಪ ಪುಸ್ತಕ ಬಿಡಿಸುತ್ತಾನೆ. ಅಚ್ಚಿನ ಯಂತ್ರ ಹೊಸತಾಗಿದ್ದ ಕಾಲದಲ್ಲಿ ಯುರೋಪಿನವರು ವೈದ್ಯರಿಗಾಗಿ ಛಾಪಿಸಿದ ದೇಹದ ಚಿತ್ರಗಳು. ಒಬ್ಬ ತನ್ನ ಚರ್ಮವನ್ನೇ ಸುಲಿದು, ಲಾಂಡ್ರಿಗೆ ಕೊಡುವವನಂತೆ ಹಿಡಿದು ನಿಂತಿದ್ದಾನೆ. ಒಂದು ಅಸ್ಥಿಪಂಜರ ಗುದ್ದಲಿಗೆ ಒರಗಿ, ಕೆಲಸಕ್ಕೆ ಕರೆಸಿಕೊಂಡ ಕಫೀಲ್ ರಜೆ ಕೊಡದವನ ಹಾಗೆ ಆಕಾಶ ನೋಡುತ್ತಿದೆ.

ಅಣ್ಣನಿಗೆ ಹೆಣ್ಣು ಕೊಡುವ ಮಾತಿಗೆ ದಹ್ರಾನಿನಿಂದ ನಮ್ಮೂರ ಕಡೆಯ ದಂಪತಿ ಬಂದಿದ್ದರು. ಕುರಿಯ ಲಿವರ್ ಫ್ರೈ ಬಡಿಸುವಷ್ಟರಲ್ಲಿ ಇವನು ಪುಸ್ತಕ ತಂದ.

"ನೋಡಿ, ಮನುಷ್ಯನ ಲಿವರಿಗೆ ಐದು ಎಸಳು ಬರೆದಿದ್ದಾರೆ. ನಾಯಿಯದ್ದು ನೋಡಿ ಬರೆದದ್ದು ಮಾರ್ರೆ!"

ಅವರು ತಟ್ಟೆ ದೂಡಿದರು. ಸಂಬಂಧವೂ ಅದರೊಟ್ಟಿಗೇ ಹೋಯಿತು. ಲಿವರ್ ನಮಗೆ ಉಳಿಯಿತು, ಅಲ್‌ಹಮ್ದುಲಿಲ್ಲಾಹ್.

ಆಗ ನಾನು ಬಸುರಿ. ಜೀವಿಗಳ ಚಿತ್ರವಿರುವ ಮನೆಗೆ ದೇವದೂತರು ಬರುವುದಿಲ್ಲ. ಅವರು ಕಾಲಿಡದ ಮನೆಗೆ ನನ್ನ ಮಗು ಹೇಗೆ ಬರಬೇಕು?

"ಇದರಲ್ಲಿ ಜೀವ ಎಲ್ಲಿ ಉಂಟು ಮಾರಾಯ್ತಿ? ಕರುಳು ಹೊರಗೆ ಉಂಟು!" ಎಂದ ಅಣ್ಣ.

ಇಲ್ಲಿನ ಶಾಲೆಗಳಲ್ಲಿ ಮಕ್ಕಳು ಮನುಷ್ಯನ ಚಿತ್ರ ಬರೆದರೆ ಕುತ್ತಿಗೆಗೆ ಅಡ್ಡ ಗೆರೆ ಎಳೆಸುವುದುಂಟು. ಅಲ್ಲಿಗೆ ಅದು ಜೀವವಿಲ್ಲದ್ದೆಂದು ಲೆಕ್ಕ. "ಗೆರೆ ಎಳೆ, ಇಲ್ಲವೇ ಹೊರಗಿಡು" ಎಂದೆ. ಅವನು ಎರಡೂ ಮಾಡಲಿಲ್ಲ.

ಐದನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯವರು ನನಗೆ ಅದರ ಮುಖವನ್ನೂ ತೋರಿಸಲಿಲ್ಲ. "ಇನ್ನೊಂದು ಆಗ್ತದೆ ಬಿಡು" ಎಂದರು ನೋಡಲು ಬಂದ ಹೆಂಗಸರು, ಪರ್ದಾದ ಹೊಸ ಡಿಸೈನಿನ ಮಾತಿನ ನಡುವೆ. ಅಲ್ಲಾಹನ ತೀರ್ಮಾನಕ್ಕೆ ತಲೆಬಾಗಿದ್ದೇನೆ. ಆ ಮಾತಿಗೆ ಇಂದಿಗೂ ಇಲ್ಲ.

ತನ್ನ ಪುಸ್ತಕದಿಂದಲೇ ಹೀಗಾಯಿತೆಂದು ನಾನು ನಂಬಿದ್ದೇನೆ ಅಂದುಕೊಂಡನೋ ಏನೋ, ಒಂದು ಸಂಜೆ ಅಣ್ಣ ಸ್ಕೇಲು, ಪೆನ್ನು ಹಿಡಿದು ಕುಳಿತ. ಚರ್ಮ ಹಿಡಿದವನಿಗೆ ಎಳೆದ. ಗುದ್ದಲಿಯವನಿಗೆ ಎಳೆದ. ನಾನು ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದೆ. ಒಂದು ಪುಟದಲ್ಲಿ ಅವನ ಕೈ ನಿಂತಿತು. ಹೂಜಿಯಂತೆ ಬರೆದ ಗರ್ಭ. ಒಳಗೆ ತೋಳು ಚಾಚಿ ನಿಂತ ಮಗು.

"ದೊಡ್ಡ ಮನುಷ್ಯನ ಹಾಗೆ ಬರೆದಿದ್ದಾರೆ, ಪೆದ್ದರು. ಒಬ್ಬರೂ ನೋಡಿರ್ಲಿಕ್ಕಿಲ್ಲ" ಎಂದ, ತಲೆ ಎತ್ತದೆ.

ನಾನೂ ನೋಡಿರಲಿಲ್ಲ.

"ಇದಕ್ಕೂ ಎಳೀಬೇಕಾ?" ಸ್ಕೇಲು ಆ ಪುಟ್ಟ ಕುತ್ತಿಗೆಯ ಮೇಲಿತ್ತು.

"ಬೇಡ ಅಣ್ಣ. ಅದಕ್ಕೆ ಬೇಡ."

ಅವನು ಸ್ಕೇಲು ತೆಗೆದು ಪೆನ್ನಿನ ಮುಚ್ಚಳ ಹಾಕಿದ, ಅದೊಂದು ದಯೆ. ಮಗ್ರಿಬ್ ನಮಾಜಿಗೆ ಮೊದಲು ನಾನೇ ಆ ಪುಸ್ತಕವನ್ನು, ಮಗುವಿಗೆಂದು ತಂದಿದ್ದ ಟವೆಲಿನಲ್ಲಿ ಸುತ್ತಿ, ಕಪಾಟಿನೊಳಗೆ ಮಲಗಿಸಿದೆ.