ಡಾಕ್ ಪೆಟ್ಟಿಗೆಯ ಖಂಡೇಪೂಜೆಯೂ ಗಿರಿಜಾದೇವಿಯ ಸಂದರ್ಶನ ಸಮರವೂ

ಕರೆದಾಗ ಬಾರದ, ಕರೆಯದಿದ್ದಾಗ ತಾನಾಗಿ ಬಂದು ಹಲ್ಲು ಕಿರಿಯುವ, ಸಕಲ ತಂತಿಗಳ ಒಡತಿಯಾದ ಹೇ ಅಂತರ್ಜಾಲ ಮಹಾದೇವಿ, ನನ್ನ ನಾಲಿಗೆಯ ಮೇಲಾದರೂ ಅಡೆತಡೆಯಿಲ್ಲದೆ ನೆಲೆಸು! ನೂರು ವೈರುಗಳು ಒಂದೇ ವೈರಿನಲ್ಲಿ ಐಕ್ಯವಾದ ಈ ಪುಣ್ಯಯುಗದಲ್ಲಿ, ಗದಗಿನ ಹತ್ತಿ ವರ್ತಕರ ಪತ್ತಿನ ಸಂಘದಲ್ಲಿ ನಡೆದ ಘೋರ ಸಂಗ್ರಾಮವನ್ನು ಹೇಳುತ್ತೇನೆ. ಬಾಯಲ್ಲಿ ಎಲೆಯಡಿಕೆ ಇರುವವರು ಉಗುಳಿ ಬಂದು ಕೂರಿ.

ಖಂಡೇಪೂಜೆಯೆಂಬ ಆಯುಧಪೂಜೆಯೂ ದಸರೆಯ ರಜೆಯೂ ಮುಗಿದ ಮೊದಲ ದಿನ. ಲೆಕ್ಕಪರಿಶೋಧಕ-ಮದಭಂಜಿನಿ, ಸುಸ್ತಿದಾರ-ಹೃದಯಕಂಪಿನಿ, ಹಿರಿಯ ಗುಮಾಸ್ತೆ ಗಿರಿಜಾ ಮುಳಗುಂದ ಹಸಿರು ಇಳಕಲ್ ಸೀರೆಯುಟ್ಟು ರಣರಂಗ ಪ್ರವೇಶಿಸಿದಳು. ಹನ್ನೊಂದಕ್ಕೆ ಧಾರವಾಡದ ಮುಖ್ಯ ಕಚೇರಿಯವರು ವಿಡಿಯೋದಲ್ಲಿ ಆಕೆಯ ಸಂದರ್ಶನ ಮಾಡುವವರಿದ್ದರು. ಶಾಖಾ ವ್ಯವಸ್ಥಾಪಕಿಯ ಕುರ್ಚಿ! ಹಿಂದೆ ಎರಡು ಸಲ ಅದು ಆಕೆಯ ಕಣ್ಣೆದುರೇ ಯಾರ್‍ಯಾರದೋ ಅಳಿಯಂದಿರ ಪಾಲಾಗಿತ್ತು.

ಮೇಜಿನ ಮೇಲೆ ವಿರಾಜಿಸುತ್ತಿತ್ತು ಏಕರಜ್ಜುಬದ್ಧ-ಸಕಲಸೇವಾಧುರಂಧರವಾದ ಡಾಕ್ ಎಂಬ ಪೆಟ್ಟಿಗೆ. ಅದರ ಒಂದು ಕೇಬಲನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಸಾಕು: ಕರೆಂಟು, ದೊಡ್ಡ ಪರದೆ, ಕೀಲಿಮಣೆ, ಇಂಟರ್ನೆಟ್ಟು ಎಲ್ಲವೂ ಒಮ್ಮೆಗೇ ಹರಿದು ಬರಬೇಕು. ಅಂದು ಪರದೆ ಬೆಳಗಿತು, ಮೌಸು ಓಡಿತು; ಇಂಟರ್ನೆಟ್ಟು ಮಾತ್ರ ಬರಲಿಲ್ಲ. ಸಂಘದಲ್ಲಿ ವೈಫೈ ನಿಷಿದ್ಧ. ಸಂಘವಿದ್ದ ಹಳೆಯ ಗೋದಾಮಿನ ಕಲ್ಲುಗೋಡೆಯೊಳಗೆ ಮೊಬೈಲ್ ಸಿಗ್ನಲ್ಲಿಗೆ ಪ್ರವೇಶವೇ ಇಲ್ಲ.

ಆಗ ಸಿಂಹನಾದಗೈದು ಎದ್ದವನು ಕ್ಯಾಷಿಯರ್ ರಾಜೇಸಾಬ ನದಾಫ.

"ಗಿರಿಜಾ ಮೇಡಂ, ಈ ನದಾಫ ಇರೂತನಾ ನೀವ್ಯಾಕ ಅಂಜತೀರಿ? ಟಿವಿ ಬಿಚ್ಚಿದವ ನಾನು, ಮಿಕ್ಸರ್ ಬಿಚ್ಚಿದವ ನಾನು!"

"ತಿರುಗಿ ಕೂಡಿಸಿದವರು ಯಾರ್‍ರಿ?"

ವೀರನು ಆ ಕೂರಂಬನ್ನು ಲಕ್ಷಿಸದೆ ಕೇಬಲ್ ಕಿತ್ತ, ಊದಿದ, ಮಗುಚಿ ಹಾಕಿದ, ಮತ್ತೆ ಕಿತ್ತ. ಪ್ರತಿ ಸಲವೂ ಇದ್ದಬದ್ದದ್ದೆಲ್ಲ ಒಟ್ಟಿಗೆ ಅಸ್ತಂಗತವಾಗಿ ಒಟ್ಟಿಗೆ ಉದಯಿಸಿತು.

"ಸರ, ಪರದೆ ಹೋತು, ಮೌಸ್ ಹೋತು. ಇನ್ನ ನನ್ನ ಜೀವ ಒಂದ ಉಳದೈತಿ. ಕೈ ತಗೀರಿ!" ಎಂದಳು ಗಿರಿಜೆ. ಆಕೆಗೆ ಅರಿವಾಗಿತ್ತು: ಮಿಕ್ಕೆಲ್ಲ ಬರುತ್ತಿದೆಯೆಂದರೆ ಈ ಕೇಬಲ್ಲಿನದು ತಪ್ಪಿಲ್ಲ, ರೋಗವಿರುವುದು ಗೋಡೆಯಿಂದ ಬಂದ ಇಂಟರ್ನೆಟ್ ವೈರು ಪೆಟ್ಟಿಗೆಯ ಬೆನ್ನಿಗೆ ಸೇರುವಲ್ಲಿ. ಪೆಟ್ಟಿಗೆಯನ್ನು ತಿರುಗಿಸಲು ಕೈಚಾಚಿದಳು.

"ಅಕ್ಕಾರ, ಮುಟ್ಟಬ್ಯಾಡ್ರಿ!" ಎನ್ನುತ್ತ ಅಡ್ಡಬಂದ ಜವಾನ ಫಕೀರಪ್ಪ. "ರಜಾಕ್ಕಿಂತ ಮೊದಲ ಖಂಡೇಪೂಜಿ ಮಾಡೇನಿ. ಕಾಯಿ ಒಡದ ಕದಲಿಸಬೇಕು. ಈಗ ತರ್ತೀನಿ, ತಡೀರಿ."

"ನೀ ಕಾಯಿ ತರೂದ್ರೊಳಗ ನನ್ನ ಕುರ್ಚಿ ಕದಲತೈತಿ, ಫಕೀರಪ್ಪಣ್ಣ!"

ಪೆಟ್ಟಿಗೆಯ ಮೇಲೆ ವಿಭೂತಿಯ ಮೂರು ಪಟ್ಟಿ, ನಡುವೆ ಕುಂಕುಮ. ಗಿರಿಜೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ಸಿಟ್ಟಾಗಬ್ಯಾಡಪ್ಪಾ" ಎಂದು ಬೇಡಿ, ತಿರುಗಿಸಿಯೇ ಬಿಟ್ಟಳು. ಗಟ್ಟಿಯಾಗಿ ಕಚ್ಚಿಕೊಂಡಿರಬೇಕಾದ ವೈರು ಮುಟ್ಟಿದೊಡನೆ ಕೈಗೆ ಬಂತು. ತೂತಿನ ಗರ್ಭದಲ್ಲಿ ಏನೋ ಹಸಿರು. ಸೇವಂತಿಗೆಯ ದಂಟು!

ಎಲ್ಲರೂ ಫಕೀರಪ್ಪನನ್ನು ನೋಡಿದರು.

"ಮ್ಯಾಲ ಇಟ್ರ ಹೂವು ಜಾರತಿತ್ರಿ. ನಿಂದ್ರಾಕ ಒಂದ ತೂತರ ಬೇಕಲ್ಲ? ಆಮ್ಯಾಲ ಹೂವು ತಗದು ವಾಯರ್ ತಿರುಗಿ ಹಾಕೇನ್ರಿ!"

"ಹಾಕೀಯಪ್ಪಾ. ದಂಟಿನ ಮ್ಯಾಲ," ಎಂದ ನದಾಫ.

ಡಾಕಿನ ಸ್ವಿಚ್ಚು ಆರಿಸಿ, ಬಳೆಗೆ ಸಿಕ್ಕಿಸಿದ್ದ ಪಿನ್ನೆಂಬ ದಿವ್ಯಾಸ್ತ್ರವನ್ನು ಸೆಳೆದು, ಉಸಿರು ಬಿಗಿಹಿಡಿದು, ಆ ಹರಿದ್ವರ್ಣ-ದ್ವಾರನಿರೋಧಕ ದೈತ್ಯನನ್ನು ಗಿರಿಜೆ ಕಿತ್ತೆಸೆದಳು. ವೈರು ಒಳಗೆ ಹೋಗಿ 'ಟಕ್' ಎಂದಿತು; ಸ್ವಿಚ್ಚು ಮತ್ತೆ ಹೊತ್ತಿತು. ದೇವತೆಗಳು ಹೂಮಳೆ ಸುರಿಸಿದರೋ ಇಲ್ಲವೋ, ಹನ್ನೊಂದು ಹೊಡೆಯುವ ಹೊತ್ತಿಗೆ ಪರದೆಯ ಮೇಲೆ ಬಕ್ಕತಲೆಯ ಅಧಿಕಾರಿಯೊಬ್ಬರು ಉದಿಸಿದರು.

"ನಮಸ್ಕಾರ್‍ರಿ ಸರ. ಗಿರಿಜಾ ಮುಳಗುಂದ, ಗದಗ ಶಾಖಾ."

"ಅಬ್ಬಾ! ಛಲೋ ಕೇಳಸ್ತದ ನೋಡ್ರಿ, ಮುಖಾನೂ ಸ್ವಚ್ಛ ಕಾಣಸ್ತದ," ಎಂದರು ಅವರು ಹರ್ಷದಿಂದ. "ಮುಂಜಾನಿಂದ ಉಳಿದ ಒಂದು ಶಾಖಾದ ಲೈನೂ ಹತ್ತಿಲ್ಲ. ನಿಮ್ಮದೊಂದ ಹತ್ತೇದ."

ಗಿರಿಜೆ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು. ನದಾಫ ಮೀಸೆ ತಿರುವಿದ.

"ಹಿಂಗಾಗಿ, ಈ ವಿಡಿಯೋದ ಗದ್ದಲನ ಬ್ಯಾಡಂತ ಎಲ್ಲಾರನೂ ನಾಳೆ ಇಲ್ಲೇ ಕರಸಾಕತ್ತೇವಿ. ನೀವೂ ಧಾರವಾಡಕ್ಕ ಬಂದಬಿಡ್ರಿ."

ಪರದೆ ಕಪ್ಪಾಯಿತು. ಗಿರಿಜೆ ಪಿನ್ನನ್ನು ಮತ್ತೆ ಬಳೆಗೆ ಸಿಕ್ಕಿಸಿಕೊಂಡಳು.

"ಏಳೂವರಿ ಬಸ್ ಹಿಡೀರಿ, ಅಕ್ಕಾರ," ಎಂದ ಫಕೀರಪ್ಪ ಮೆಲ್ಲಗೆ. "ಅದರಾಗ ಸೀಟ್ ಸಿಗತಾವು."