ಸೇಫ್ಟಿ ಪಿನ್ನಿನ ಐರಿಶ್ ಕುಣಿತ

ಆ ಗುರುವಾರ ಬೆಳಿಗ್ಗೆ ಗಲ್ಫಿನ ಅರಾದ್‌ನ ನಮ್ಮ ಫ್ಲಾಟಿನಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು. ಮೊದಲ ವಿಮಾನ ತಲೆಯ ಮೇಲೆ ಹಾದುಹೋಗುವ ಹೊತ್ತಿಗೆ ದೋಸೆಕಾವಲಿ ಒಲೆಗೇರಿತು. ಹಿದ್ ಬಂದರಿನ ಆಫೀಸಿಗೆ ಹೊರಟ ನಮ್ಮವರಿಗೆ ಬುತ್ತಿ ಕಟ್ಟಿದೆ, ಮಗಳು ಶ್ರೇಯಾಳ ಜಡೆ ಹೆಣೆದೆ. ವ್ಯತ್ಯಾಸ ಒಂದೇ. ಅಂದು ಮಧ್ಯಾಹ್ನ ಅವಳ ಶಾಲೆಯ ವೇದಿಕೆಯಲ್ಲಿ ನಾನು ಐರಿಶ್ ನೃತ್ಯ ಮಾಡುವವಳಿದ್ದೆ!

"ಮಮ್ಮಿ, ಪ್ಲೀಸ್, ಮಿಸ್ಟೇಕ್ ಮಾಡ್ಬೇಡ," ಎಂದಳು ಶ್ರೇಯಾ. "ಮೈ ಮಮ್ಮಿ ಈಸ್ ಎ ಡ್ಯಾನ್ಸರ್ ಅಂತ ಇಡೀ ಕ್ಲಾಸಿಗೆ ಹೇಳಿಟ್ಟಿದ್ದೇನೆ."

ಇದಕ್ಕೆಲ್ಲ ಕಾರಣ ಅವಳ ಗೆಳತಿಯ ತಾಯಿ, ಐರ್ಲೆಂಡಿನ ನೋರಾ. ಹತ್ತಿರದ ಬುಸೈತೀನ್‌ನಲ್ಲಿದ್ದ ತಮ್ಮ ಮನೆಯಲ್ಲಿ ನಮ್ಮಂಥ ನಾಲ್ಕಾರು ತಾಯಂದಿರಿಗೆ ಅವರು ಕಲಿಸುತ್ತಿದ್ದರು. "ಕುಣಿಯುವುದು ಕಾಲು ಮಾತ್ರ, ಕೈ ಪಕ್ಕದಲ್ಲಿ ನೆಟ್ಟಗಿರಬೇಕು," ಎಂದು ಮೊದಲ ದಿನ ಹೇಳಿದಾಗ ನನಗೆ ನಗು ಬಂತು. ಕಾನ್ವೆಂಟಿನ ಅಸೆಂಬ್ಲಿಯಲ್ಲಿ ಸಿಸ್ಟರ್ ಕಣ್ಣೆದುರು ವರ್ಷಗಟ್ಟಲೆ ಹಾಗೆ ನಿಂತವಳು ನಾನು. ಅರ್ಧ ವಿದ್ಯೆ ಆಗಲೇ ಬಂದಿದೆ ಅಂದುಕೊಂಡೆ.

ಬಂದಿರಲಿಲ್ಲ. ಪಿಟೀಲು ಶುರುವಾದರೆ ಸಾಕು, ನನ್ನ ಕೈಗಳು ತಾವಾಗಿಯೇ ಮೇಲೇಳುತ್ತಿದ್ದವು. ಮನೆಯಲ್ಲಿ ಸೋಫಾ ಸರಿಸಿ ಅಭ್ಯಾಸ ಮಾಡಿದರೆ ನಮ್ಮವರು ಪೇಪರಿನಿಂದ ತಲೆಯೆತ್ತಿ, "ಎಂತ ಮಾರಾಯ್ತಿ, ಕಾಗೆ ಓಡಿಸುವುದಾ?" ಅನ್ನುತ್ತಿದ್ದರು.

ಹಾಗಾಗಿ ಅಂದು ವೇದಿಕೆಯ ಹಿಂದೆ, ಮಗಳ ಮಾನ ಕಾಪಾಡುವ ಸಲುವಾಗಿ, ಒಂದು ಐತಿಹಾಸಿಕ ನಿರ್ಧಾರ ಕೈಗೊಂಡೆ. ನನ್ನ ಕರಿಮಣಿಯಲ್ಲಿ ಸದಾ ನಾಲ್ಕೈದು ಸೇಫ್ಟಿ ಪಿನ್ ತೂಗುತ್ತಿರುತ್ತವೆ. ಎರಡು ತೆಗೆದು, ಅರ್ಧ ದಿನ ರಜೆ ಹಾಕಿ ಬಂದಿದ್ದ ನಮ್ಮವರಿಂದ, ಎರಡೂ ತೋಳಿನ ತುದಿಯನ್ನು ಚೂಡಿದಾರದ ಪಕ್ಕಕ್ಕೆ ಸೇರಿಸಿ ಪಿನ್ನು ಹಾಕಿಸಿಕೊಂಡೆ.

"ಗಟ್ಟಿ ಉಂಟಾ?"

"ಪೋರ್ಟಲ್ಲಿ ಕಂಟೇನರಿಗೂ ನಾವು ಇಷ್ಟು ಗಟ್ಟಿ ಹಾಕುದಿಲ್ಲ!"

ಮೊದಲ ಸುತ್ತು ಅಮೋಘ! ಕೈಗಳು ಕಂಬದಂತೆ ಅಲುಗಲಿಲ್ಲ. ಮುಂದಿನ ಸಾಲಿನಲ್ಲಿ ಶ್ರೇಯಾ ಗೆಳತಿಯರಿಗೆ ನನ್ನತ್ತ ಬೆರಳು ಮಾಡಿ ತೋರಿಸುತ್ತಿದ್ದಳು. ಅಷ್ಟರಲ್ಲಿ ಎಲ್ಲರೂ ವೃತ್ತವಾಗಿ ನಿಂತರು. ಪಕ್ಕದಲ್ಲಿದ್ದ ನೋರಾ ಕೈ ಚಾಚಿದರು. ಎರಡನೆಯ ಸುತ್ತು ಕೈ ಕೈ ಹಿಡಿದು ಕುಣಿಯುವುದು. ಅವರ ಮನೆಯಲ್ಲಿ ಎಷ್ಟು ಸಲ ಹಿಡಿದಿದ್ದೆ! ಪಿನ್ನು ಹಾಕಿಸಿಕೊಳ್ಳುವಾಗ ಅದು ತಲೆಗೇ ಬರಲಿಲ್ಲ.

"ಹ್ಯಾಂಡ್, ಹ್ಯಾಂಡ್!" ನೋರಾ ಪಿಸುಗುಟ್ಟಿದರು.

ಎತ್ತಲು ನೋಡಿದೆ. ಕೈಯ ಜೊತೆ ಚೂಡಿದಾರವೂ ಮೇಲಕ್ಕೆ ಹೊರಟಿತು. ಗಾಬರಿಯಿಂದ ಇಳಿಸಿದೆ. ನೋರಾ ಬಿಡಬೇಕಲ್ಲ! ಮೊಣಕೈ ಹಿಡಿದು ಎಳೆದೇಬಿಟ್ಟರು. ಪಿನ್ನು ಬಿಚ್ಚಿಕೊಂಡು ನೇರ ಸೊಂಟಕ್ಕೆ ಚುಚ್ಚಿತು.

"ಅಯ್ಯಮ್ಮಾ!"

ನಾನು ಹಾರಿದೆ. ಜನ್ಮದಲ್ಲಿ ಹಾಗೆ ಹಾರಿದವಳಲ್ಲ. ಇದೇನೋ ಹೊಸ ಹೆಜ್ಜೆಯೆಂದು ತಿಳಿದು ಉಳಿದ ತಾಯಂದಿರೂ ಒಬ್ಬೊಬ್ಬರಾಗಿ ಹಾರಿದರು. ಕೊನೆಗೆ ಬೇರೆ ದಾರಿ ಕಾಣದೆ ನೋರಾ ಕೂಡ! ಸಭೆಯ ತುಂಬ ಚಪ್ಪಾಳೆ.

ಕೆಳಗಿಳಿದಾಗ ಶ್ರೇಯಾ ಓಡಿಬಂದು ತಬ್ಬಿಕೊಂಡಳು. "ಮಮ್ಮಿ, ಯು ವರ್ ದ ಬೆಸ್ಟ್!"

ಅವಳ ಬೆರಳು ತಾಗಿದ್ದು ಸರಿಯಾಗಿ ಚುಚ್ಚಿದ ಜಾಗಕ್ಕೇ. ಆದರೂ ಕಲಾವಿದೆಗೆ ತಕ್ಕ ಗಾಂಭೀರ್ಯದಿಂದ ನಕ್ಕೆ. ಪಿನ್ನಿನ ಸಮಾಚಾರ ಎತ್ತಲಿಲ್ಲ.

ಸಂಜೆ ಪಕ್ಕದ ಫ್ಲಾಟಿನ ಜೊಹರಕ್ಕ ಬಾಗಿಲಲ್ಲಿ ಸಿಕ್ಕರು. ಉಳ್ಳಾಲದವರು; ಅವರ ಮಗನೂ ಅದೇ ಶಾಲೆ.

"ನಿಮ್ಮ ಡ್ಯಾನ್ಸ್ ನೋಡಿದೆ ಮಾರಾಯ್ರೆ," ಎಂದರು.

"ಹೌದಾ? ಹೇಗಿತ್ತು ಜೊಹರಕ್ಕ?" ನಾನು ಹೊಸ್ತಿಲು ದಾಟಿ ಎರಡು ಹೆಜ್ಜೆ ಮುಂದೆಯೇ ಬಂದೆ.

"ಆ ಒಂದು ಹಾರಿದ್ದು ಉಂಟಲ್ಲ, ಅದು ಫಸ್ಟ್ ಕ್ಲಾಸ್," ಎಂದು ಬೀಗದ ಕೈ ಹುಡುಕುತ್ತ ಹೇಳಿದರು. "ಬಾಕಿದ್ದು ಸ್ವಲ್ಪ ಪ್ರಾಕ್ಟೀಸ್ ಮಾಡಿ."